ಚರ್ಚ್ ಗೆಳೆಯನ ಜೊತೆ ಮನೆ ಮಾಡಲೇ?

ಪ್ರಶ್ನೆ: ನಾನು ಗದಗದವನು, ವಯಸ್ಸು 24, ಬೆಂಗಳೂರಿನಲ್ಲಿ ಕೆಲಸ. ರೂಮ್‌ಮೇಟ್ ಕ್ರೈಸ್ತನಲ್ಲ, ಒಮ್ಮೊಮ್ಮೆ ಬಿಯರ್ ಕುಡಿಯುತ್ತಾನೆ. ನನಗೆ ಡೆಂಗಿ ಬಂದಾಗ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕೂತವನು ಅವನೇ. ಭಾನುವಾರ ‘ಏಳೋ, ಚರ್ಚ್‌ಗೆ ಹೊತ್ತಾಯ್ತು’ ಅಂತ ಎಬ್ಬಿಸುವವನೂ ಅವನೇ. ಅಮ್ಮ ಮಾತ್ರ ಫೋನ್ ಮಾಡಿದಾಗಲೆಲ್ಲ ‘ದುಸ್ಸಹವಾಸವು ಸದಾಚಾರವನ್ನು ಕೆಡಿಸುತ್ತದೆ’ ಎಂಬ ವಾಕ್ಯ ಹೇಳುತ್ತಾರೆ. ಯುವಜನ ಕೂಟದ ಗೆಳೆಯನೊಬ್ಬ ಒಟ್ಟಿಗೆ ಮನೆ ಮಾಡೋಣ ಅನ್ನುತ್ತಿದ್ದಾನೆ. ಕ್ವಾಯರ್‌ನಲ್ಲಿ ಗಿಟಾರ್ ನುಡಿಸುತ್ತಾನೆ, ಚೆನ್ನಾಗಿ ಪ್ರಾರ್ಥನೆ ಮಾಡುತ್ತಾನೆ. ಅಮ್ಮನಿಗೆ ಖುಷಿ. ಆದರೆ ಅವನಿಗೆ ಕ್ರಿಕೆಟ್ ಬೆಟ್ಟಿಂಗ್ ಹುಚ್ಚು. ನನ್ನಿಂದ 15 ಸಾವಿರ ತಗೊಂಡು ಕೊಟ್ಟಿಲ್ಲ. ಅವನ ಅಪ್ಪ ಫೋನ್ ಮಾಡಿದರೆ ನನ್ನಿಂದ ಸುಳ್ಳು ಹೇಳಿಸುತ್ತಾನೆ. ದುಡ್ಡು ಕೇಳಿದರೆ ‘ಕ್ಷಮಿಸೋದು ವಿಶ್ವಾಸಿಯ ಲಕ್ಷಣ ಅಲ್ವಾ ಬ್ರದರ್’ ಅಂತಾನೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಮನೆ ಬದಲಾಯಿಸಬೇಡಿ.

ಅಮ್ಮ ಹೇಳುವ ವಾಕ್ಯ ಬೈಬಲ್‌ನಲ್ಲಿ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೇ ಅಧ್ಯಾಯದ್ದು. ಅದೇ ಪತ್ರದ 5ನೇ ಅಧ್ಯಾಯದ ಕೊನೆಯ ಭಾಗವನ್ನೂ ಇಬ್ಬರೂ ಸೇರಿ ಓದಿ. ಕೊರಿಂಥ ಎರಡು ಬಂದರುಗಳಿದ್ದ ವ್ಯಾಪಾರದ ಊರು, ಎಲ್ಲ ಥರದ ಜನ ಬಂದು ಹೋಗುತ್ತಿದ್ದ ಜಾಗ. ಹೊರಗಿನವರ ಸಹವಾಸ ಪೂರ್ತಿ ಬಿಡುವುದಾದರೆ ಲೋಕವನ್ನೇ ಬಿಟ್ಟು ಹೋಗಬೇಕಾಗುತ್ತದೆ ಎನ್ನುತ್ತಾನೆ ಪೌಲ. ದೂರ ಇರಿ ಅಂದದ್ದು ಸಹೋದರ ಅನ್ನಿಸಿಕೊಂಡು ದುರಾಸೆ, ಕುಡಿತ, ಸುಲಿಗೆ ಬಿಡದವನಿಂದ. ಅಂಥವನ ಜೊತೆ ಊಟಕ್ಕೂ ಕೂರಬೇಡಿ ಅನ್ನುವಷ್ಟು ಖಡಕ್ ಮಾತು. ಹೊರಗಿನವರಿಗೆ ತೀರ್ಪು ಮಾಡುವ ಕೆಲಸವನ್ನು ದೇವರಿಗೇ ಬಿಡುತ್ತಾನೆ.

ಹಾಗಂತ ಗೆಳೆಯನನ್ನು ಇವತ್ತೇ ಬ್ಲಾಕ್ ಮಾಡಿ ಅನ್ನುತ್ತಿಲ್ಲ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ದಾರಿ ತೋರಿಸಿದ್ದಾನೆ. ಮೊದಲು ಇಬ್ಬರೇ ಇದ್ದಾಗ ತಪ್ಪು ತಿಳಿಸಿ. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ನಿಮ್ಮ ಪಾಸ್ಟರ್ ಅವರೇ ಆದರೂ ಸರಿ. ಇನ್ನು ಒಂದು ರೂಪಾಯಿಯೂ ಸಾಲ ಕೊಡಬೇಡಿ. ಅವನ ಅಪ್ಪನಿಗೆ ಸುಳ್ಳು ಹೇಳುವುದನ್ನು ಇವತ್ತಿಗೇ ನಿಲ್ಲಿಸಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ಕಾನೂನು ಮಾಡಿ ನಿಷೇಧಿಸಿದೆ. ಆದರೆ ಚಟ ಹಿಡಿದವನು ಕಾನೂನಿಗೆ ಹೆದರಿ ಬಿಡುವುದು ಕಡಿಮೆ. ಇದಕ್ಕೆ ಚಿಕಿತ್ಸೆ ಇದೆ. ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಅಲ್ಲೇ ಬೆಂಗಳೂರಿನಲ್ಲಿದೆ. ಹೋಗಲು ಒಪ್ಪಿದರೆ ಜೊತೆಗೆ ಹೋಗಿ, ಗೆಳೆತನ ಅಲ್ಲಿ ತೋರಿಸಿ.

ಆ ಕ್ಷಮೆಯ ಮಾತಿಗೆ ಮಾತ್ರ ನನಗೆ ನಿಜಕ್ಕೂ ಸಿಟ್ಟು ಬಂತು. ಯೇಸು ಮನೆಗೆ ಬಂದ ದಿನ ಸುಂಕ ವಸೂಲಿಗಾರ ಜಕ್ಕಾಯ ಏನಂದ? ಯಾರಿಂದಲಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ನಿಮ್ಮ ಗೆಳೆಯ ಅಷ್ಟೆಲ್ಲ ಕೊಡುವುದು ಬೇಡ, ತಗೊಂಡಷ್ಟು ಕೊಡಲಿ ಸಾಕು. ಕ್ಷಮಿಸುವುದು ನಿಮಗೆ ಬಿಟ್ಟದ್ದು. ಅದನ್ನು ಅವನು ಸಾಲ ತೀರಿಸದಿರಲು ಬಳಸುವ ಹಾಗಿಲ್ಲ.

ಇನ್ನು ನಿಮಗೂ ಒಂದು ಮಾತು. ಈ ಗಲಾಟೆಯಲ್ಲಿ ಯುವಜನ ಕೂಟ ಬಿಟ್ಟುಬಿಡಬೇಡಿ. ರೂಮ್‌ಮೇಟ್ ಎಷ್ಟೇ ಒಳ್ಳೆಯವನಾದರೂ ನಿಮ್ಮ ಜೊತೆ ಪ್ರಾರ್ಥನೆಗೆ ಕೂರುವವನಲ್ಲ. ನಿಮ್ಮ ತಪ್ಪನ್ನು ಮುಖಕ್ಕೇ ಹೇಳುವ ಒಬ್ಬರು ಸಭೆಯೊಳಗೂ ಬೇಕು. ವಾರಿಗೆಯವರೇ ಆಗಬೇಕೆಂದಿಲ್ಲ, ಹಿಂದಿನ ಬೆಂಚಿನ ಹಿರಿಯರೊಬ್ಬರಾದರೂ ಆದೀತು.

ಅಮ್ಮನಿಗೆ ಗಿಟಾರ್ ವಿಷಯ ಗೊತ್ತು, 15 ಸಾವಿರದ ವಿಷಯ ಗೊತ್ತಿಲ್ಲ, ಅಲ್ವಾ? ಹೇಳಿಬಿಡಿ. ಡೆಂಗಿ ಬಂದಾಗ ಪಕ್ಕದಲ್ಲಿ ಕೂತಿದ್ದವರು ಯಾರು ಅನ್ನುವುದನ್ನೂ ಹೇಳಿ. ಕ್ರಿಸ್‌ಮಸ್‌ಗೆ ಊರಿಗೆ ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ, ಅಮ್ಮನೇ ಮಾತಾಡಿ ನೋಡಲಿ.