ಆ ಸೋಮವಾರದ ಸಾಮಾನು ಎಲ್ಲಿಂದ ಬಂತು?

ನಮಸ್ಕಾರ,

ಎರಡನೇ ಮಹಾಯುದ್ಧದ ಸೋಲಿನ ನಂತರ ಪಶ್ಚಿಮ ಜರ್ಮನಿ ಬೇಗ ಚೇತರಿಸಿಕೊಂಡ ‘ಆರ್ಥಿಕ ಪವಾಡ’ದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬರವಣಿಗೆಯಲ್ಲಿ ಓಟ ಇದೆ, ವಿಷಯ ನಿಮಗೆ ನಿಜವಾಗಿ ಹಿಡಿಸಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು. 1948ರ ಜೂನ್‌ನಲ್ಲಿ ಹೊಸ ನಾಣ್ಯ, ಹೊಸ ಮಾರ್ಕ್ ಬಂತು, ಅಮೆರಿಕ-ಬ್ರಿಟನ್ ಹಿಡಿತದ ಪ್ರದೇಶದ ಆರ್ಥಿಕ ಆಡಳಿತದ ಮುಖ್ಯಸ್ಥ ಲುಡ್ವಿಗ್ ಎರ್ಹಾರ್ಡ್ ಬೆಲೆ ನಿಯಂತ್ರಣ ತೆಗೆದರು, ಮರುದಿನವೇ ಅಂಗಡಿ ತುಂಬಿದವು, ಪಶ್ಚಿಮ ಜರ್ಮನಿ ಎದ್ದು ನಿಂತಿತು. ಸರ್ಕಾರ ಕೈಬಿಟ್ಟರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ.

ಇಡೀ ಲೇಖನದಲ್ಲಿ ನನಗೆ ಇಷ್ಟವಾದದ್ದು ಆ ತುಂಬಿದ ಅಂಗಡಿ. ನೀವೋ ಅದನ್ನು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಿ. ಜೂನ್ 20, ಭಾನುವಾರ. ರೇಷನ್ ಕಾರ್ಡ್ ಕೊಡುವ ಕಚೇರಿಗಳ ಮುಂದೆ ಜನ ಸಾಲು ನಿಂತು ತಲೆಗೆ 40 ಹೊಸ ಮಾರ್ಕ್ ತೆಗೆದುಕೊಂಡರು. ಅಲ್ಲಿಯವರೆಗೆ ಕಾಳಸಂತೆಯಲ್ಲಿ ಅಮೆರಿಕನ್ ಸಿಗರೇಟೇ ದುಡ್ಡು. ಸೋಮವಾರ ಬೆಳಿಗ್ಗೆ ನೋಡಿದರೆ ಅಂಗಡಿಯಲ್ಲಿ ಶೂ, ಪಾತ್ರೆ, ಬಟ್ಟೆ! ಒಂದು ರಾತ್ರಿಯಲ್ಲಿ ಯಾವ ಕಾರ್ಖಾನೆ ಇಷ್ಟನ್ನು ಮಾಡೀತು? ಅದೆಲ್ಲ ಬಚ್ಚಿಟ್ಟಿದ್ದ ಸಾಮಾನು.

ಜಗಳ ಶುರುವಾಗುವುದೇ ಇಲ್ಲಿಂದ. ಬೆಲೆಯಿಲ್ಲದ ದುಡ್ಡಿಗೆ ಯಾರು ಸಾಮಾನು ಮಾರುತ್ತಾರೆ, ಒಳ್ಳೆ ದುಡ್ಡು ಬಂದ ಮೇಲೆ ತಾನೇ ಹೊರಗೆ ಬಂದದ್ದು ಅನ್ನುವುದು ಎರ್ಹಾರ್ಡ್ ಕಡೆಯವರ ಮಾತು. ಬಚ್ಚಿಟ್ಟವನೇ ಗೆದ್ದ ಅನ್ನುವುದು ಎದುರಿನವರ ಮಾತು. ಅದರಲ್ಲೂ ನಿಜ ಇದೆ. ಬ್ಯಾಂಕಿನಲ್ಲಿ 100 ಹಳೆ ಮಾರ್ಕ್ ಇಟ್ಟವರ ಕೈಗೆ ಕೊನೆಗೆ ಬಂದದ್ದು ಆರೂವರೆ ಹೊಸ ಮಾರ್ಕ್. ಗೋದಾಮು, ಜಮೀನು, ಯಂತ್ರ ಇದ್ದವರ ಆಸ್ತಿ ಹಾಗೇ ಉಳಿಯಿತು. ಆ ಅನ್ಯಾಯ ಸರಿಮಾಡಲು ಆಸ್ತಿವಂತರ ಮೇಲೆ ದೊಡ್ಡ ತೆರಿಗೆಯ ಕಾನೂನು ಬಂದದ್ದು 1952ರಲ್ಲಿ.

ನೀವು ಮಾತ್ರ 1948ರ ಜೂನ್‌ನಿಂದ ಒಂದೇ ನೆಗೆತಕ್ಕೆ 1955ರ ಹತ್ತು ಲಕ್ಷದ ಬೀಟಲ್ ಕಾರಿಗೆ ಬಂದಿದ್ದೀರಿ. ನಡುವಿನದು ಎಲ್ಲಿ? ಕೂಲಿ ನಿಂತಲ್ಲೇ ನಿಂತು ಬೆಲೆ ಏರಿತು. 1948ರ ಅಕ್ಟೋಬರ್‌ನಲ್ಲಿ ಸ್ಟುಟ್‌ಗಾರ್ಟ್ ನಗರದಲ್ಲಿ ಗಲಭೆಯಾಯಿತು. ನವೆಂಬರ್ 12ರಂದು 90 ಲಕ್ಷಕ್ಕೂ ಜಾಸ್ತಿ ಕೆಲಸಗಾರರು ಒಂದು ದಿನದ ಮುಷ್ಕರ ಮಾಡಿದರು. 1950ರ ಶುರುವಿನಲ್ಲಿ ಸುಮಾರು 20 ಲಕ್ಷ ಜನರಿಗೆ ಕೆಲಸವಿರಲಿಲ್ಲ. ‘ಸಮಾಜವಾದಿಗಳು ಹೊಟ್ಟೆಕಿಚ್ಚಿನಿಂದ ವಿರೋಧಿಸಿದರು’ ಅಂತ ಬರೆದಿದ್ದೀರಲ್ಲ, ಆ ಸಾಲು ತೆಗೆಯಿರಿ. ಬೆಲೆ ಕೂಲಿಗಿಂತ ಮುಂದೆ ಓಡುತ್ತದೆ ಅನ್ನುವುದು ಅವರ ಭಯ. ಮೊದಲ ತಿಂಗಳುಗಳಲ್ಲಿ ಹಾಗೇ ಆಯಿತು. 1949ರಲ್ಲಿ ಬೆಲೆ ಇಳಿಯಿತು, ಎರ್ಹಾರ್ಡ್ ಉಳಿದುಕೊಂಡರು. ಆ ವರ್ಷದ ಚುನಾವಣೆಯಲ್ಲಿ ಅವರ ಕಡೆಯ ಕ್ರಿಶ್ಚಿಯನ್ ಡೆಮಾಕ್ರಟರಿಗೆ ಶೇ. 31, ನೀವು ಸಮಾಜವಾದಿಗಳು ಅಂದ ಸೋಷಿಯಲ್ ಡೆಮಾಕ್ರಟರಿಗೆ ಶೇ. 29.2 ಮತ. ಎರ್ಹಾರ್ಡ್ ಕಡೆಯ ನಾಯಕ ಅಡೆನೌರ್ ಸಂಸತ್ತಿನಲ್ಲಿ ಗೆದ್ದು ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ ಆದದ್ದು ಒಂದೇ ಒಂದು ಮತದ ಬಹುಮತದಿಂದ. ಕಣ್ಣಾರೆ ಕಂಡ ಜನರಲ್ಲೇ ಒಮ್ಮತ ಇರಲಿಲ್ಲ ಅಂದಮೇಲೆ ನಾವು ಒಂದು ಸಾಲಿನಲ್ಲಿ ತೀರ್ಪು ಕೊಡಬಹುದಾ?

ಬೀಟಲ್ ಬಗ್ಗೆ ಇನ್ನೊಂದು ಮಾತು. ಸರ್ಕಾರ ಕೈಬಿಟ್ಟದ್ದಕ್ಕೆ ಸಾಕ್ಷಿ ಅಂತ ಅದನ್ನು ತಂದಿದ್ದೀರಿ. ಆದರೆ ಅದನ್ನು ತಯಾರಿಸಿದ ಫೋಕ್ಸ್‌ವಾಗನ್ ಆಗ ಖಾಸಗಿ ಕಂಪನಿ ಅಲ್ಲ. ಅದರ ಷೇರು ಜನರಿಗೆ ಮಾರಿದ್ದು 1961ರಲ್ಲಿ. ನಿಮ್ಮ ಉದಾಹರಣೆ ನಿಮ್ಮ ವಾದಕ್ಕೇ ಅಡ್ಡ ನಿಂತಿದೆ. ಬಾಡಿಗೆ, ಕಲ್ಲಿದ್ದಲು, ಉಕ್ಕಿನ ಮೇಲೂ 1948ರಲ್ಲಿ ನಿಯಂತ್ರಣ ಉಳಿದಿತ್ತು.

ಹಾಗಂತ ಪೂರ್ತಿ ಎದುರು ಪಕ್ಷಕ್ಕೆ ಹೋಗಬೇಡಿ. ಎಲ್ಲ ಮಾರ್ಷಲ್ ಯೋಜನೆಯ, ಅಂದರೆ ಯುದ್ಧದ ನಂತರ ಯುರೋಪಿಗೆ ಅಮೆರಿಕ ಕೊಟ್ಟ ನೆರವಿನ ದುಡ್ಡಿನಿಂದಲೇ ಆಯಿತು ಅನ್ನುವವರ ಮಾತೂ ಪೂರ್ತಿ ನಿಲ್ಲುವುದಿಲ್ಲ. ಪಶ್ಚಿಮ ಜರ್ಮನಿಗೆ ಸಿಕ್ಕಿದ್ದು ಸುಮಾರು 140 ಕೋಟಿ ಡಾಲರ್. ಬ್ರಿಟನ್‌ಗೆ ಅದರ ದುಪ್ಪಟ್ಟಿಗೂ ಜಾಸ್ತಿ ಸಿಕ್ಕಿತ್ತು, ಅದು ಈ ವೇಗದಲ್ಲಿ ಬೆಳೆಯಲಿಲ್ಲ. 1953ರ ಲಂಡನ್ ಒಪ್ಪಂದದಲ್ಲಿ ಜರ್ಮನಿಯ ವಿದೇಶಿ ಸಾಲ ಹೆಚ್ಚುಕಡಿಮೆ ಅರ್ಧ ಮನ್ನಾ ಆದದ್ದನ್ನು ಹೇಳಿ. ಚೇತರಿಕೆ 1947ರಲ್ಲೇ ಶುರುವಾಗಿತ್ತು ಅನ್ನುವ ಇತಿಹಾಸಕಾರ ವೆರ್ನರ್ ಆಬೆಲ್ಸ್‌ಹೌಸರ್ ಅವರ ವಾದವನ್ನೂ ಓದಿ. ಒಪ್ಪದಿದ್ದರೆ ಯಾಕೆ ಅಂತ ಬರೆಯಿರಿ.

‘ಭಾರತವೂ ಹೀಗೇ ಮಾಡಬೇಕಿತ್ತು’ ಅನ್ನುವ ಕೊನೆಯ ಪ್ಯಾರಾ ಬೇಡ. ಅದು ಬೇರೆಯೇ ಲೇಖನ, ಇಲ್ಲಿ ಸುಮ್ನೆ ಅಂಟಿಸಿದ ಹಾಗಿದೆ.

ಪೂರ್ತಿ ತಿದ್ದಿ ಕಳಿಸಬೇಕು ಅಂತಿಲ್ಲ. ಮೊದಲು ಜೂನ್ 21ರಿಂದ ನವೆಂಬರ್ 12ರವರೆಗಿನ ಭಾಗ ಮಾತ್ರ ಬರೆದು ಕಳಿಸಿ. ನಾನು ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ