ಕರಿ ಬಂಪರ್ ಬೂದಿ ಬಣ್ಣಕ್ಕೆ ತಿರುಗುವುದೇಕೆ?

ವಾಹನ ಸಮಾಲೋಚನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಏಳು ವರ್ಷದ ಹ್ಯಾಚ್‌ಬ್ಯಾಕ್ ಕಾರು. ಮನೆಯೊಳಗೆ ಜಾಗವಿಲ್ಲದ್ದರಿಂದ ರಸ್ತೆಯಲ್ಲೇ ನಿಲ್ಲುತ್ತದೆ. ಬಾಡಿ ಬಣ್ಣ ಚೆನ್ನಾಗಿಯೇ ಇದೆ. ಆದರೆ ಬಂಪರಿನ ಕೆಳಭಾಗ, ಚಕ್ರದ ಸುತ್ತಲಿನ ಕರಿ ಪಟ್ಟಿ, ವೈಪರ್ ಬುಡದ ಪ್ಲಾಸ್ಟಿಕ್ ಎಲ್ಲ ಬೂದಿ ಬಣ್ಣಕ್ಕೆ ಬಂದಿವೆ. ಸರ್ವೀಸ್‌ಗೆ ಬಿಟ್ಟಾಗ ಏನೋ ಸವರಿ ಕರ್ರಗೆ ಮಾಡಿಕೊಡುತ್ತಾರೆ. ಎರಡು ಮಳೆ ಬಿದ್ದರೆ ಮತ್ತೆ ಅದೇ ಕಥೆ. ಶಾಶ್ವತ ಪರಿಹಾರ ಇದೆಯೇ?
– ಓದುಗರು, ವಿಜಯನಗರ

ಉತ್ತರ: ಮೊದಲು ಆ ಬಿಳುಪು ಯಾವುದೆಂದು ಗೊತ್ತುಮಾಡಿಕೊಳ್ಳಿ. ಬಾಡಿಗೆ ಹಾಕಿದ ವ್ಯಾಕ್ಸ್ ಪಾಲಿಶ್ ಪ್ಲಾಸ್ಟಿಕ್‌ನ ಸಣ್ಣ ಗೆರೆಗಳೊಳಗೆ ಕೂತು ಒಣಗಿದರೂ ಬಿಳಿಯಾಗಿ ಕಾಣುತ್ತದೆ. ಇದು ಬಣ್ಣದ ಭಾಗಕ್ಕೆ ತಾಗಿದ ಅಂಚಿನಲ್ಲಿ, ಕೈ ಆಡಿಸಿದ ದಿಕ್ಕಿನಲ್ಲೇ ಇರುತ್ತದೆ. ಬೆಚ್ಚಗಿನ ಸೋಪುನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಬೋರ್‌ವೆಲ್ ನೀರಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಲು ಬಿಟ್ಟರೆ ಉಳಿಯುವ ಗಡಸು ನೀರಿನ ಕಲೆ ಇನ್ನೊಂದು. ಇದು ಉಂಗುರದಂತೆ, ಹನಿಹನಿಯಾಗಿ ಕಾಣುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ನೆರಳಲ್ಲಿ ಎರಡು ನಿಮಿಷ ಹಚ್ಚಿಟ್ಟು ಚೆನ್ನಾಗಿ ತೊಳೆದರೆ ಹೋಗುತ್ತದೆ.

ಈ ಎರಡಕ್ಕೂ ಜಗ್ಗದೆ, ಬಿಸಿಲಿಗೆ ಒಡ್ಡಿದ ಮುಖವೆಲ್ಲ ಒಂದೇ ಸಮ ಬಿಳಿಚಿಕೊಂಡಿದ್ದರೆ ಅದು ಬಿಸಿಲಿನದೇ ಕೆಲಸ. ನಂಬರ್ ಪ್ಲೇಟ್ ಬಿಚ್ಚಿ ಅದರ ಹಿಂದಿನ ಪ್ಲಾಸ್ಟಿಕ್ ನೋಡಿ. ಅಲ್ಲಿ ಇನ್ನೂ ಕಪ್ಪಿದ್ದರೆ ಅನುಮಾನವೇ ಬೇಡ. ಒಣಗಿದ ಕರಿ ಬಟ್ಟೆಯಿಂದ ಬಂಪರ್ ಉಜ್ಜಿ ನೋಡಿ. ಸುಣ್ಣದ ಗೋಡೆಗೆ ಒರಗಿದಂತೆ ಬಟ್ಟೆಗೆ ಬಿಳಿ ಹಿಟ್ಟು ಹತ್ತಿದರೆ ಮೇಲ್ಪದರ ಪುಡಿಯಾಗತೊಡಗಿದೆ ಎಂದರ್ಥ.

ಆಗುವುದೇನೆಂದರೆ, ಈ ಭಾಗಗಳು ಸಾಮಾನ್ಯವಾಗಿ ರಬ್ಬರ್ ಮತ್ತು ಟಾಲ್ಕ್ ಪುಡಿ ಬೆರೆಸಿದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನವು. ಒಳಬದಿಯಲ್ಲಿ ‘ಪಿಪಿ+ಇಪಿಡಿಎಂ-ಟಿಡಿ20’ ಎಂಬಂಥ ಗುರುತಿರುತ್ತದೆ. ಪಿಪಿ ಅಂದರೆ ಪಾಲಿಪ್ರೊಪಿಲೀನ್, ಇಪಿಡಿಎಂ ಅಂದರೆ ಆ ರಬ್ಬರ್, ಟಿಡಿ20 ಅಂದರೆ ಶೇ 20ರಷ್ಟು ಟಾಲ್ಕ್. ಬಿಸಿಲಿನ ಅತಿನೇರಳೆ ಕಿರಣ ಪಾಲಿಪ್ರೊಪಿಲೀನ್‌ನ ಉದ್ದುದ್ದ ಅಣುಸರಪಳಿಗಳನ್ನು ಗಾಳಿಯ ಆಮ್ಲಜನಕದ ಜೊತೆ ಸೇರಿ ತುಂಡರಿಸುತ್ತದೆ. ತುಂಡಾದ ಪದರ ಕುಗ್ಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ, ಒಳಗಿನ ಟಾಲ್ಕ್ ಹೊರಬೀಳುತ್ತದೆ. ಬೆಳಕು ಆ ಬಿರುಕುಗಳಲ್ಲಿ ಚದುರಿ ಕಪ್ಪು ಬೂದಿಯಾಗಿ ಕಾಣುತ್ತದೆ. ನೀರು ಹಾಕಿದೊಡನೆ ಮತ್ತೆ ಕಪ್ಪಾಗುವುದು ನೀರು ಆ ಬಿರುಕುಗಳನ್ನು ತುಂಬುವುದರಿಂದ. ಸರ್ವೀಸಿನವರು ಸವರುವ ಸಿಲಿಕೋನ್ ಎಣ್ಣೆ ಮಾಡುವುದೂ ಅದನ್ನೇ, ಸ್ವಲ್ಪ ಹೆಚ್ಚು ದಿನ. ಅದು ಅಂಟಿಕೊಂಡು ಕೂರುವುದಿಲ್ಲ. ಮಳೆ, ಶಾಂಪೂ ಎರಡಕ್ಕೂ ಹೋಗುತ್ತದೆ.

ಕಾರ್ಖಾನೆಯಲ್ಲಿ ಪ್ಲಾಸ್ಟಿಕ್‌ಗೆ ಕಾರ್ಬನ್ ಬ್ಲ್ಯಾಕ್ ಎಂಬ ಕರಿ ಮಸಿಪುಡಿ ಮತ್ತು ‘ಹಾಲ್ಸ್’ ಎಂಬ ಅಮೈನ್ ಜಾತಿಯ ರಕ್ಷಕ ರಾಸಾಯನಿಕ ಬೆರೆಸಿರುತ್ತಾರೆ. ಮೊದಲನೆಯದು ಕಿರಣವನ್ನು ಹೀರಿಕೊಳ್ಳುತ್ತದೆ, ಎರಡನೆಯದು ಸರಪಳಿ ಮುರಿಯುವ ಕ್ರಿಯೆಯನ್ನು ತಡೆಯುತ್ತದೆ. ಹಾಲ್ಸ್ ವರ್ಷಗಟ್ಟಲೆ ದುಡಿದು ಕೊನೆಗೆ ಖಾಲಿಯಾಗುತ್ತದೆ. ಅದನ್ನು ಹೊರಗಿನಿಂದ ಮತ್ತೆ ತುಂಬಲಾಗದು. ಆದ್ದರಿಂದ ಶಾಶ್ವತ ಎಂದರೆ ಭಾಗವನ್ನೇ ಬದಲಿಸುವುದು. ಅದು ಬೇಡವೆಂದರೆ ಸೆರಾಮಿಕ್ ಟ್ರಿಮ್ ಕೋಟಿಂಗ್ (ಪ್ಲಾಸ್ಟಿಕ್ ಮೇಲೆ ಹಚ್ಚಿದರೆ ಗಟ್ಟಿ ಪದರವಾಗುವ ದ್ರವ) ಒಂದೆರಡು ವರ್ಷದ ಮಟ್ಟಿಗೆ ಒಳ್ಳೆಯ ದಾರಿ.

ಅದರಲ್ಲಿ ಮುಕ್ಕಾಲು ಕೆಲಸ ತಯಾರಿಯದೇ. ಹಳೆಯ ಸಿಲಿಕೋನ್ ಜಿಡ್ಡು ಉಳಿದಿದ್ದರೆ ಕೋಟಿಂಗ್ ಹಿಡಿಯುವುದಿಲ್ಲ. ಸಡಿಲ ಹಿಟ್ಟಿನ ಮೇಲೆ ಹಚ್ಚಿದರೆ ಹಿಟ್ಟಿನ ಜೊತೆಗೇ ಉದುರುತ್ತದೆ. ಕಾರ್ ಶಾಂಪೂ ಮತ್ತು ನೈಲಾನ್ ಬ್ರಷ್‌ನಿಂದ ಎರಡು ಸಲ ತಿಕ್ಕಿ ತೊಳೆದು ಪೂರ್ತಿ ಒಣಗಿಸಿ. ಸಂದುಗಳಲ್ಲಿ ನೀರು ನಿಂತಿರುತ್ತದೆ, ಬ್ಲೋವರ್ ಇದ್ದರೆ ಊದಿ ತೆಗೆಯಿರಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಶೇ 70ರ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೈಕ್ರೋಫೈಬರ್ ಬಟ್ಟೆ ಅದ್ದಿ, ಬಟ್ಟೆ ಸ್ವಚ್ಛವಾಗಿ ಹೊರಬರುವವರೆಗೆ ಒರೆಸಿ. ತಿನ್ನರ್, ಪೆಟ್ರೋಲ್ ಬೇಡ. ಬಣ್ಣದ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ.

ಹ್ಯಾಚ್‌ಬ್ಯಾಕ್‌ನ ಕರಿ ಭಾಗಕ್ಕೆಲ್ಲ 30 ಮಿಲಿಯ ಬಾಟಲಿ ಸಾಕು. ನಾಲ್ಕೈದು ಹನಿ ಸ್ಪಾಂಜ್ ಮೇಲೆ ಹಾಕಿ, ಒಂದೊಂದೇ ಅಡಿಯಷ್ಟು ಜಾಗಕ್ಕೆ ಅಡ್ಡ-ಉದ್ದ ಹಚ್ಚಿ. ಒಂದೆರಡು ನಿಮಿಷದೊಳಗೆ ಬೇರೆ ಬಟ್ಟೆಯಲ್ಲಿ ಹೆಚ್ಚಾದದ್ದನ್ನು ಒರೆಸಿಬಿಡಬೇಕು. ಬಿಟ್ಟರೆ ಎಣ್ಣೆಮಿಂಚಿನ ಪಟ್ಟೆಗಳು ಗಟ್ಟಿಯಾಗಿ ಕೂರುತ್ತವೆ. ಗಂಟೆಯ ನಂತರ ಎರಡನೇ ಪದರ. 24 ಗಂಟೆ ನೀರು ಸೋಕಬಾರದು, ವಾರದವರೆಗೆ ಶಾಂಪೂ ಬೇಡ. ಬಾಟಲಿಯ ಮೇಲೆ ಬೇರೆ ಸಮಯ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಬಿಸಿಯಾದ ಪ್ಲಾಸ್ಟಿಕ್ ಮೇಲೆ ಹಚ್ಚಿದರೆ ಒರೆಸುವ ಮೊದಲೇ ಒಣಗುತ್ತದೆ, ಮಳೆಗಾಲದಲ್ಲಿ ಒಣಗುವ ಮೊದಲೇ ಹನಿ ಬಿದ್ದು ಬಿಳಿ ಕಲೆಯಾಗುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ಜನವರಿ, ಫೆಬ್ರುವರಿಯ ಬೆಳಗ್ಗೆಯೇ ಸರಿ.

ಪ್ರಶ್ನೆ: ಕೊಬ್ಬರಿ ಎಣ್ಣೆ, ಸೀಮೆಎಣ್ಣೆ, ಬೂಟ್ ಪಾಲಿಶ್: ಇವುಗಳಲ್ಲಿ ಯಾವುದು ಒಳ್ಳೆಯದು?
– ಓದುಗರು, ಯಶವಂತಪುರ

ಉತ್ತರ: ಯಾವುದೂ ಅಲ್ಲ. ಕೊಬ್ಬರಿ ಎಣ್ಣೆ ಕಿರಣವನ್ನು ತಡೆಯುವುದಿಲ್ಲ, ಧೂಳನ್ನು ಮಾತ್ರ ಹಿಡಿಯುತ್ತದೆ. ಮೆಟ್ರೊ ಕಾಮಗಾರಿ ಪಕ್ಕ ನಿಲ್ಲಿಸಿದ ಗಾಡಿಯಲ್ಲಿ ಎರಡೇ ದಿನಕ್ಕೆ ಕೆಸರಿನ ಪದರವಾಗುತ್ತದೆ. ಸೀಮೆಎಣ್ಣೆ, ಡೀಸೆಲ್ ಬಾಗಿಲ ರಬ್ಬರನ್ನು ಉಬ್ಬಿಸುತ್ತವೆ. ಬೂಟ್ ಪಾಲಿಶ್ ಮಳೆಯಲ್ಲಿ ಕರಗಿ ಬಿಳಿ ಕಾರಿನ ಮೇಲೆ ಇಳಿಯುವುದನ್ನು ಊಹಿಸಿಕೊಳ್ಳಿ.

ಪ್ರಶ್ನೆ: ಹೀಟ್ ಗನ್ ಹಿಡಿದರೆ ಬಂಪರ್ ಕಣ್ಣೆದುರೇ ಕಪ್ಪಾಗುವ ವಿಡಿಯೊ ನೋಡಿದೆ. ಮಾಡಬಹುದೇ?
– ಓದುಗರು, ಕೆಂಗೇರಿ ಉಪನಗರ

ಉತ್ತರ: ವಿಡಿಯೊ ಸುಳ್ಳಲ್ಲ. ಮೇಲ್ಪದರ ಕರಗಿ ಸಣ್ಣ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಕಪ್ಪು ಮರಳುತ್ತದೆ. ಆದರೆ ಖಾಲಿಯಾದ ಹಾಲ್ಸ್ ಮರಳುವುದಿಲ್ಲ. ಬಿಸಿಲಲ್ಲೇ ನಿಲ್ಲುವ ಗಾಡಿಯಲ್ಲಿ ಕೆಲವೇ ತಿಂಗಳಲ್ಲಿ ಮತ್ತೆ ಬಿಳಿಚುತ್ತದೆ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗನ್ನಿನ ಗಾಳಿ ಸಲೀಸಾಗಿ 400 ದಾಟುತ್ತದೆ. ಕೈ ಒಂದು ಕ್ಷಣ ನಿಂತರೆ ಒರಟು ಮೈ ಕರಗಿ ನುಣುಪಾಗಿ ಹೊಳೆಯುತ್ತದೆ. ಆ ಹೊಳಪನ್ನು ಯಾರಿಂದಲೂ ತೆಗೆಯಲಾಗದು. ಪಕ್ಕದ ಬಣ್ಣ, ಪಾರ್ಕಿಂಗ್ ಸೆನ್ಸರ್‌ಗೂ ಅಪಾಯ. ಹೇಗೂ ಬದಲಿಸಬೇಕೆಂದಿರುವ ಭಾಗವಾದರೆ ಪ್ರಯೋಗ ಮಾಡಿ ನೋಡಿ, ಇಲ್ಲದಿದ್ದರೆ ಬಿಡಿ.

ಪ್ರಶ್ನೆ: ಸ್ಕೂಟರಿನ ಕಾಲಿಡುವ ಫ್ಲೋರ್‌ಬೋರ್ಡ್ ಬಿಳಿಚಿದೆ ಎಂದು ಸ್ಪ್ರೇ ಪೇಂಟ್ ಹೊಡೆಸಿದೆ. ತಿಂಗಳಲ್ಲಿ ಹಾಳೆ ಹಾಳೆಯಾಗಿ ಎದ್ದುಬಂತು. ಬಣ್ಣ ಕಳಪೆಯೇ?
– ಓದುಗರು, ಬನಶಂಕರಿ 2ನೇ ಹಂತ

ಉತ್ತರ: ಬಣ್ಣದ ತಪ್ಪಿರಲಾರದು. ಪಾಲಿಪ್ರೊಪಿಲೀನ್ ಮೇಲೆ ಬಣ್ಣ ನೇರವಾಗಿ ಕಚ್ಚುವುದೇ ಇಲ್ಲ. ಒಳಬದಿಯ ಗುರುತು ನೋಡಿ. ‘ಎಬಿಎಸ್’ (ಇನ್ನೊಂದು ಬಗೆಯ ಪ್ಲಾಸ್ಟಿಕ್) ಎಂದಿದ್ದರೆ 400-600 ನಂಬರಿನ ಎಮರಿ ಪೇಪರ್‌ನಿಂದ ಉಜ್ಜಿ ಪ್ರೈಮರ್, ಬಣ್ಣ ಹೊಡೆದರೆ ಆಯಿತು. ‘ಪಿಪಿ’ ಎಂದಿದ್ದರೆ ಪ್ರೈಮರ್‌ಗೂ ಮೊದಲು ಅಡ್ಹೀಷನ್ ಪ್ರೊಮೋಟರ್ ಎಂಬ ಪಾರದರ್ಶಕ ಸ್ಪ್ರೇ ಬೇಕೇ ಬೇಕು. ಇದನ್ನು ಜೆ.ಸಿ. ರಸ್ತೆಯ ಪೇಂಟ್ ಅಂಗಡಿಗಳಲ್ಲಿ ‘ಪಿಪಿ ಪ್ಲಾಸ್ಟಿಕ್ ಪ್ರೈಮರ್’ ಎಂದು ಕೇಳಿ ನೋಡಿ. ಡಬ್ಬಿಯ ಮೇಲೆ ಪಿಪಿಗೆ ಆಗುತ್ತದೆಂದು ಬರೆದಿರಬೇಕು.

ಎದ್ದ ಬಣ್ಣವನ್ನೆಲ್ಲ ತೆಗೆಯಿರಿ. ಉಜ್ಜುವುದಕ್ಕೆ ಮೊದಲೇ ಜಿಡ್ಡು ತೊಳೆಯಬೇಕು, ಇಲ್ಲದಿದ್ದರೆ ಎಮರಿ ಪೇಪರ್ ಜಿಡ್ಡನ್ನು ಗೀರುಗಳೊಳಗೆ ತುಂಬುತ್ತದೆ. ಬಹುತೇಕರು ಎಡವುವುದು ಇಲ್ಲೇ. ಆಮೇಲೆ ಆಲ್ಕೋಹಾಲ್‌ನಲ್ಲಿ ಒರೆಸಿ, ಪ್ರೊಮೋಟರ್ ಅನ್ನು ತೆಳುವಾಗಿ ಎರಡು ಕೋಟ್ ಹೊಡೆಯಿರಿ. ಅದರ ಮೇಲೆ ಮುಂದಿನ ಪದರ ಎಷ್ಟು ಹೊತ್ತಿನೊಳಗೆ ಬೀಳಬೇಕೆಂದು ಡಬ್ಬಿಯಲ್ಲಿರುತ್ತದೆ. ಆ ಹೊತ್ತು ಮೀರಿದರೆ ಕಚ್ಚುವ ಗುಣ ಹೋಗುತ್ತದೆ; ಊಟ ಮುಗಿಸಿ ಬಂದು ಹೊಡೆಯುತ್ತೇನೆ ಅನ್ನುವಂತಿಲ್ಲ. ಬಣ್ಣ 20-25 ಸೆಂಟಿಮೀಟರ್ ದೂರದಿಂದ, ಹತ್ತು ನಿಮಿಷ ಬಿಟ್ಟುಬಿಟ್ಟು ಮೂರು ತೆಳು ಕೋಟ್. ಮ್ಯಾಟ್ ಕಪ್ಪೇ ಇರಲಿ. ಕಾಲು, ಗ್ಯಾಸ್ ಸಿಲಿಂಡರ್, ತರಕಾರಿ ಚೀಲ ಉಜ್ಜುವ ಜಾಗದಲ್ಲಿ ಹೊಳಪು ಬಣ್ಣದ ಗೀರು ಎದ್ದು ಕಾಣುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಫ್ಲೋರ್‌ಬೋರ್ಡ್‌ಗೆ ಹೊಸದನ್ನು ಹಾಕಿಸುವುದೇ ಅಗ್ಗವಾದೀತು, ವಿಚಾರಿಸಿ.

ಪ್ರಶ್ನೆ: ಹೊಸ ಕಾರು ಬರಲಿದೆ. ಮೊದಲ ದಿನದಿಂದ ಏನು ಎಚ್ಚರ ವಹಿಸಬೇಕು? ಬೆಂಗಳೂರಿನ ಹವೆ ತಂಪಲ್ಲವೇ, ಅಷ್ಟು ಚಿಂತೆ ಬೇಕೇ?
– ಓದುಗರು, ಜಾಲಹಳ್ಳಿ

ಉತ್ತರ: ಗಾಳಿ ತಂಪು, ಬಿಸಿಲು ತಂಪಲ್ಲ. ಊರು ಸುಮಾರು 900 ಮೀಟರ್ ಎತ್ತರದಲ್ಲಿ, 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಎತ್ತರ ಹೆಚ್ಚಿದಂತೆ ಅತಿನೇರಳೆ ಕಿರಣವೂ ಹೆಚ್ಚುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನ ಶೂನ್ಯ ನೆರಳಿನ ದಿನಗಳಲ್ಲಿ ಸೂರ್ಯ ನಡುನೆತ್ತಿಗೇ ಬರುತ್ತಾನೆ. ಇವೆರಡರ ನಡುವೆ ಮಧ್ಯಾಹ್ನದ ಬಿಸಿಲು ಉತ್ತರದ ಕಡೆಯಿಂದ, ಉಳಿದ ತಿಂಗಳಲ್ಲಿ ದಕ್ಷಿಣದಿಂದ. ರಸ್ತೆಯ ದಕ್ಷಿಣಕ್ಕಿರುವ ಕಟ್ಟಡದ ನೆರಳು ಡಿಸೆಂಬರ್‌ನಲ್ಲಿ ಕಾರಿನ ಮೇಲಿದ್ದರೆ ಮೇ ತಿಂಗಳ ಮಧ್ಯಾಹ್ನ ಇರುವುದಿಲ್ಲ. ಜಾಗ ಆರಿಸುವಾಗ ಇದು ನೆನಪಿರಲಿ. ನೆರಳಿಲ್ಲದಿದ್ದರೆ ಕಾರಿನ ಮುಖವನ್ನಾದರೂ ವಾರವಾರ ತಿರುಗಿಸಿ ನಿಲ್ಲಿಸಿ, ಒಂದೇ ಬದಿ ಸುಡುವುದಿಲ್ಲ.

ಕೋಟಿಂಗ್ ಮಾಡಿಸುವ ಮನಸ್ಸಿದ್ದರೆ ಪ್ಲಾಸ್ಟಿಕ್ ಹೊಸದಿದ್ದಾಗಲೇ ಮಾಡಿಸಿ, ಡೆಲಿವರಿಗೆ ಮುಂಚೆ ಡ್ರೆಸ್ಸಿಂಗ್ (ಪ್ಲಾಸ್ಟಿಕ್ ಕಪ್ಪಾಗಿ ಹೊಳೆಯಲು ಹಚ್ಚುವ ದ್ರವ) ಸವರಬೇಡಿ ಎಂದು ಶೋರೂಮಿಗೆ ಹೇಳಿಡಿ. ಇಲ್ಲವಾದರೆ ಅತಿನೇರಳೆ ತಡೆ ಇರುವ, ನೀರು ಆಧಾರಿತ ಡ್ರೆಸ್ಸಿಂಗ್ ತಿಂಗಳಿಗೊಮ್ಮೆ. ಸ್ಪಾಂಜ್‌ಗೆ ಹಾಕಿ ಹಚ್ಚಿ. ನೇರ ಸ್ಪ್ರೇ ಮಾಡಿದರೆ ಗಾಜಿಗೂ ಬ್ರೇಕ್ ಡಿಸ್ಕ್‌ಗೂ ಹಾರುತ್ತದೆ. ಡಿಸ್ಕ್‌ಗೆ ಸಿಲಿಕೋನ್ ಹತ್ತಿದರೆ ಬ್ರೇಕ್ ಹಿಡಿಯುವುದಿಲ್ಲ, ಇದು ತಮಾಷೆಯಲ್ಲ.

ಕವರ್ ಹಾಕುವುದಾದರೆ ಧೂಳು ತೊಳೆದ ಮೇಲೆಯೇ. ಧೂಳಿನ ಮೇಲೆ ಕವರ್ ಗಾಳಿಗೆ ಬಡಿದರೆ ಎಮರಿ ಪೇಪರ್ ಉಜ್ಜಿದ ಹಾಗೆಯೇ. ತೊಳೆಯಲು ಪೈಪ್ ಹಿಡಿಯಬೇಡಿ. ಕುಡಿಯುವ ನೀರಲ್ಲಿ ವಾಹನ ತೊಳೆಯುವುದನ್ನು ಜಲಮಂಡಳಿ 2024ರ ಮಾರ್ಚ್‌ನಲ್ಲಿ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಸಂಗ್ರಹಿಸಿದ ಮಳೆನೀರಿದ್ದರೆ ಎರಡು ಬಕೆಟ್ ಸಾಕು. ಗಡಸಿಲ್ಲದ್ದರಿಂದ ಕಲೆಯೂ ಉಳಿಯದು.

ಪ್ರಶ್ನೆ: ವೀಲ್ ಕ್ಯಾಪ್ ಬೀಳದಂತೆ ಕಟ್ಟಿದ ಬಿಳಿ ಕೇಬಲ್ ಟೈ ಪದೇ ಪದೇ ಮುರಿಯುತ್ತದೆ, ಯಾಕೆ?
– ಓದುಗರು, ಹೆಬ್ಬಾಳ

ಉತ್ತರ: ಬಿಳಿ ನೈಲಾನ್‌ಗೆ ಸಾಮಾನ್ಯವಾಗಿ ಬಿಸಿಲಿನ ರಕ್ಷಣೆ ಇರುವುದಿಲ್ಲ. ‘ಯುವಿ’ ಎಂದು ಬರೆದಿರುವ ಕರಿ ಟೈ ಕೊಳ್ಳಿ, ಅದರಲ್ಲಿ ಕಾರ್ಬನ್ ಬ್ಲ್ಯಾಕ್ ಇರುತ್ತದೆ. ಪ್ರತಿ ಕ್ಯಾಪ್‌ಗೆ ಎದುರುಬದುರು ಎರಡು ಕಟ್ಟಿ, ಬಾಲ ಕತ್ತರಿಸಿ. ಪಂಕ್ಚರ್ ಆದಾಗ ಕೈಯಲ್ಲಿ ಬಿಚ್ಚಲು ಬರುವುದಿಲ್ಲ, ಡಿಕ್ಕಿಯಲ್ಲೊಂದು ಕಟಿಂಗ್ ಪ್ಲೈಯರ್ ಇಟ್ಟುಕೊಳ್ಳಿ.