ಜೂನ್ 30ರ ಗಡುವು ಮತ್ತು ರಾತ್ರಿ ಎರಡು ಗಂಟೆಯ ಕೆಲಸ

ಪ್ರಶ್ನೆ: ಸಾಗರ ತಾಲ್ಲೂಕಿನ ನಮ್ಮ ಸಹಕಾರ ಸಂಘದ ಲೆಕ್ಕಪತ್ರದ ತಂತ್ರಾಂಶವು 2019ರಿಂದ ಅಮೆಜಾನ್ ಕ್ಲೌಡ್‌ನ ಮುಂಬೈ ಕೇಂದ್ರದ ಒಂದು ಸರ್ವರ್‌ನಲ್ಲಿ ನಡೆಯುತ್ತಿದೆ. ಅದರಲ್ಲಿರುವ ‘ಅಮೆಜಾನ್ ಲಿನಕ್ಸ್ 2’ ಎಂಬ ಆಪರೇಟಿಂಗ್ ಸಿಸ್ಟಂನ ಬೆಂಬಲ 2026ರ ಜೂನ್ 30ಕ್ಕೆ ಮುಗಿಯುತ್ತದೆ ಎಂದು ತಂತ್ರಾಂಶ ಬರೆದುಕೊಟ್ಟವರು ತಿಳಿಸಿದ್ದಾರೆ. ಅಂದು ಸರ್ವರ್ ನಿಂತುಹೋಗುತ್ತದೆಯೇ? ಇದ್ದಲ್ಲೇ ಅಪ್‌ಗ್ರೇಡ್ ಮಾಡಿಕೊಳ್ಳಬಹುದೇ?
– ಸಂಘದ ಕಾರ್ಯದರ್ಶಿ

ಉತ್ತರ: ನಿಲ್ಲುವುದಿಲ್ಲ. ಜುಲೈ 1ರ ಬೆಳಿಗ್ಗೆ ನಿಮ್ಮ ಗುಮಾಸ್ತರು ಲಾಗಿನ್ ಆದಾಗ ಎಲ್ಲವೂ ಹಿಂದಿನ ದಿನದಂತೆಯೇ ಇರುತ್ತದೆ. ಆ ದಿನದ ನಂತರ ಪತ್ತೆಯಾಗುವ ಭದ್ರತಾ ದೋಷಗಳಿಗೆ ಮಾತ್ರ ಪ್ಯಾಚ್ (ದೋಷ ಸರಿಪಡಿಸುವ ತಿದ್ದುಪಡಿ) ಬರುವುದಿಲ್ಲ. ಸದಸ್ಯರ ಠೇವಣಿ, ಸಾಲದ ವಿವರಗಳಿರುವ ಯಂತ್ರವನ್ನು ಆ ಸ್ಥಿತಿಯಲ್ಲಿ ಅಂತರ್ಜಾಲಕ್ಕೆ ತೆರೆದಿಡುವುದು ತಕ್ಕದ್ದಲ್ಲ.

ಸೇವೆಯನ್ನೇ ಮುಚ್ಚುವುದು ಬೇರೆ ಸಂಗತಿ. ಗೂಗಲ್ ಉಪಕರಣಗಳನ್ನು ಅಂತರ್ಜಾಲಕ್ಕೆ ಜೋಡಿಸುವ ತನ್ನ ಐಒಟಿ ಕೋರ್ ಸೇವೆಯನ್ನು 2023ರ ಆಗಸ್ಟ್ 16ರಂದು ನಿಲ್ಲಿಸಿದಾಗ ಅದನ್ನು ನೆಚ್ಚಿದ್ದ ಉಪಕರಣಗಳ ಸಂಪರ್ಕವೇ ಕಡಿದುಹೋಯಿತು. ಅಮೆಜಾನ್ ಕೂಡ ಬಾಡಿಗೆ ಸರ್ವರ್‌ಗಳ ತನ್ನ ಹಳೆಯ ಇಸಿ2-ಕ್ಲಾಸಿಕ್ ಜಾಲವನ್ನು ಮುಚ್ಚುವುದಾಗಿ 2021ರ ಜುಲೈನಲ್ಲಿ ಪ್ರಕಟಿಸಿತು. ಅದರ ಕೊನೆಯ ಯಂತ್ರ ನಿಂತದ್ದು 2023ರ ಆಗಸ್ಟ್‌ನಲ್ಲಿ. ನಿಮ್ಮದು ಅಂಥದ್ದಲ್ಲವಾದ್ದರಿಂದ ಗಾಬರಿ ಬೇಡ, ಆದರೆ ಯಂತ್ರ ನಡೆಯುತ್ತಲೇ ಇರುತ್ತದೆ ಎಂಬ ಕಾರಣಕ್ಕೇ ಈ ಬಗೆಯ ಕೆಲಸ ವರ್ಷಗಟ್ಟಲೆ ಮುಂದಕ್ಕೆ ಹೋಗುವುದೂ ಉಂಟು.

ಇದ್ದಲ್ಲೇ ಅಪ್‌ಗ್ರೇಡ್ ಮಾಡಲು ಅವಕಾಶವಿಲ್ಲ. ‘ಅಮೆಜಾನ್ ಲಿನಕ್ಸ್ 2023’ ಇರುವ ಹೊಸ ಸರ್ವರ್ ತೆರೆದು, ತಂತ್ರಾಂಶವನ್ನು ಅಲ್ಲಿ ಹೊಸದಾಗಿ ಸ್ಥಾಪಿಸಿ, ದತ್ತಾಂಶವನ್ನು ಸಾಗಿಸಬೇಕು. ನಿಮ್ಮ ತಂತ್ರಾಂಶ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದ್ದರೆ ಮೊದಲು ಅದರ ಆವೃತ್ತಿಯನ್ನು ವಿಚಾರಿಸಿ. ಹೊಸ ಲಿನಕ್ಸ್‌ನ ತಂತ್ರಾಂಶ ಭಂಡಾರದಲ್ಲಿ 8.1 ಮತ್ತು ಅದರ ನಂತರದ ಆವೃತ್ತಿಗಳಷ್ಟೇ ಸಿಗುವುದರಿಂದ, 7ರ ಕಾಲದಲ್ಲಿ ಬರೆದ ಕೋಡನ್ನು ತಿದ್ದಬೇಕಾಗಬಹುದು. ಹೆಚ್ಚಿನ ದಿನಗಳು ಹಿಡಿಯುವುದು ಇಲ್ಲಿಯೇ.

ಇದಕ್ಕಿಂತ ನನಗೆ ಹೆಚ್ಚು ಚಿಂತೆಯಿರುವುದು ಯಾರ ಕಣ್ಣಿಗೂ ಬೀಳದ ಕೆಲಸಗಳ ಬಗ್ಗೆ. ಹಳೆಯ ಸರ್ವರ್‌ನಲ್ಲಿ ರಾತ್ರಿ ಎರಡು ಗಂಟೆಗೆ ಬ್ಯಾಕಪ್ ತೆಗೆಯುವ, ತಿಂಗಳ ಕೊನೆಗೆ ಬಡ್ಡಿ ಲೆಕ್ಕ ಹಾಕುವ ಕೆಲಸಗಳನ್ನು ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ಕ್ರಾನ್ ಎಂಬ ವ್ಯವಸ್ಥೆಗೆ ಒಪ್ಪಿಸಿರುತ್ತಾರೆ. ಹೊಸ ಲಿನಕ್ಸ್‌ನಲ್ಲಿ ಕ್ರಾನ್ ತಾನಾಗಿ ಬರುವುದಿಲ್ಲ. ನಾವೇ ಹಾಕಿಕೊಳ್ಳಬೇಕು, ಇಲ್ಲವೇ ಲಿನಕ್ಸ್‌ನಲ್ಲೇ ಇದ್ದು ಅದೇ ಕೆಲಸ ಮಾಡುವ ಸಿಸ್ಟಮ್‌ಡಿ ಟೈಮರ್‌ಗೆ ಬದಲಾಯಿಸಬೇಕು. ಹಳೆಯ ಕಡತಗಳನ್ನು ಹಾಗೆಯೇ ನಕಲು ಮಾಡಿ ತಂದರೆ ಅವು ತಮ್ಮ ಜಾಗದಲ್ಲಿ ಸುಮ್ಮನೆ ಕುಳಿತಿರುತ್ತವೆ, ದೋಷದ ಒಂದು ಸಂದೇಶವೂ ಬರುವುದಿಲ್ಲ, ಬ್ಯಾಕಪ್ ಆಗಿಲ್ಲವೆಂಬುದು ಅದು ಬೇಕಾದ ದಿನವೇ ಗೊತ್ತಾಗುತ್ತದೆ. ಸಮಯದ್ದೂ ಇದೇ ಕತೆ. ಹೊಸ ಸರ್ವರ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಏಳುತ್ತದೆ, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಅದನ್ನು ಭಾರತೀಯ ಸಮಯಕ್ಕೆ ಬದಲಿಸದಿದ್ದರೆ ರಾತ್ರಿ ಎರಡರ ಬ್ಯಾಕಪ್ ಬೆಳಿಗ್ಗೆ ಏಳೂವರೆಗೆ, ಕೌಂಟರ್ ತೆರೆಯುವ ಹೊತ್ತಿಗೆ ಶುರುವಾಗುತ್ತದೆ. ಆದ್ದರಿಂದ ಹಳೆಯ ಸರ್ವರ್‌ನ ಪ್ರತಿಯೊಬ್ಬ ಬಳಕೆದಾರನ ಹೆಸರಿನಲ್ಲೂ ಇರುವ ಕ್ರಾನ್ ಪಟ್ಟಿಯನ್ನು ಈಗಲೇ ಕಾಗದಕ್ಕೆ ಇಳಿಸಿ, ಒಂದೊಂದೂ ಏತಕ್ಕೆಂದು ತಂತ್ರಾಂಶದವರಿಂದ ಬರೆಸಿಕೊಳ್ಳಿ.

ವರ್ಗಾವಣೆಯ ದಿನದ ಕೆಲಸ ಹೋಲಿಕೆಯಲ್ಲಿ ಸಣ್ಣದು. ಒಂದು ಭಾನುವಾರ ವಹಿವಾಟು ನಿಲ್ಲಿಸಿ, ಡಿಸ್ಕಿನ ಸ್ನ್ಯಾಪ್‌ಶಾಟ್ (ಆ ಕ್ಷಣದ ಪೂರ್ಣ ಪ್ರತಿ) ತೆಗೆದು, ಕೊನೆಯ ದತ್ತಾಂಶವನ್ನು ಸಾಗಿಸಿ, ಎರಡೂ ಕಡೆಯ ಶಿಲ್ಕು ತಾಳೆಯಾಗುತ್ತದೆಯೇ ಎಂದು ನೋಡಿ. ಈಗಿನ ಸರ್ವರ್‌ಗೆ ಎಲಾಸ್ಟಿಕ್ ಐಪಿ ಎಂಬ ಸ್ಥಿರ ಅಂತರ್ಜಾಲ ವಿಳಾಸ ಇದ್ದರೆ ಅದೇ ವಿಳಾಸವನ್ನು ಮುಂಬೈ ಕೇಂದ್ರದ ಹೊಸ ಸರ್ವರ್‌ಗೆ ಜೋಡಿಸಬಹುದು, ಶಾಖೆಗಳಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ. ಹಳೆಯ ಯಂತ್ರವನ್ನು ಅಳಿಸದೆ, ನಿಲ್ಲಿಸಿ ಮಾತ್ರ ಇಡಿ. ನಿಂತ ಯಂತ್ರಕ್ಕೆ ಡಿಸ್ಕಿನ ಬಾಡಿಗೆಯಷ್ಟೇ ಬೀಳುತ್ತದೆ. ಒಂದು ತಿಂಗಳ ಕೊನೆಯ ಬಡ್ಡಿ ಲೆಕ್ಕ ಹೊಸದರಲ್ಲಿ ಸರಿಯಾಗಿ ಬಂದಮೇಲೆ ಅದನ್ನು ತೆಗೆದರಾಯಿತು.

ಪ್ರಶ್ನೆ: ನಮ್ಮ ಮಳಿಗೆಯ ದತ್ತಾಂಶ ಅಮೆಜಾನ್‌ನ ಆರ್‌ಡಿಎಸ್ ಎಂಬ ದತ್ತಾಂಶ ಸಂಗ್ರಹ ಸೇವೆಯಲ್ಲಿ, ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ನಿರ್ವಹಣಾ ತಂತ್ರಾಂಶದ 5.7ನೇ ಆವೃತ್ತಿಯಲ್ಲಿದೆ. ನಾವು ಏನನ್ನೂ ಬದಲಿಸದಿದ್ದರೂ ಬಿಲ್ ಏರಿದ್ದೇಕೆ?
– ಹುಬ್ಬಳ್ಳಿಯ ಓದುಗರು

ಉತ್ತರ: ಬದಲಿಸದಿದ್ದುದೇ ಕಾರಣವಿರಬಹುದು. ಆ ಆವೃತ್ತಿಗೆ ಆರ್‌ಡಿಎಸ್‌ನ ಸಾಮಾನ್ಯ ಬೆಂಬಲ 2024ರ ಫೆಬ್ರವರಿ 29ಕ್ಕೆ ಮುಗಿಯಿತು. ಅನಂತರವೂ ಅದರಲ್ಲೇ ಉಳಿದವರಿಗೆ ವಿಸ್ತರಿತ ಬೆಂಬಲದ ಹೆಸರಿನಲ್ಲಿ, ಪ್ರತಿ ವಿಸಿಪಿಯುಗೆ (ಬಾಡಿಗೆಗೆ ಪಡೆದ ಪ್ರೊಸೆಸರ್ ಘಟಕಕ್ಕೆ) ಗಂಟೆಯ ಲೆಕ್ಕದಲ್ಲಿ ಹೆಚ್ಚುವರಿ ಶುಲ್ಕ ಬೀಳುತ್ತದೆ. ಬಿಲ್ಲಿನ ವಿವರದಲ್ಲಿ ಅದು ಪ್ರತ್ಯೇಕ ಸಾಲಾಗಿಯೇ ಇರುತ್ತದೆ, ನೋಡಿ. ದತ್ತಾಂಶದ ಸ್ನ್ಯಾಪ್‌ಶಾಟ್‌ನಿಂದ ಇನ್ನೊಂದು ಪ್ರತಿ ತೆರೆದು, ಅದನ್ನು ಮೊದಲು ಮುಂದಿನ ಆವೃತ್ತಿಗೆ ಏರಿಸಿ, ನಿಮ್ಮ ಬಿಲ್ಲಿಂಗ್ ತಂತ್ರಾಂಶ ಅದರೊಂದಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಿಕೊಂಡು ನಂತರ ಅಸಲಿಗೆ ಕೈಹಾಕಿ. ಪರೀಕ್ಷೆಗೆಂದು ತೆರೆದ ಪ್ರತಿಯನ್ನು ಅಂದೇ ಅಳಿಸಲು ಮರೆಯಬೇಡಿ. ಅದಕ್ಕೂ ಬಾಡಿಗೆ ಓಡುತ್ತಿರುತ್ತದೆ.